ಬೇವು ಒಳಗೆ ಬಾರದ ಮನೆ

ಮದುವೆಯಾದ ಮೊದಲ ಯುಗಾದಿಯ ದಿನ ನಾನು ಎಲ್ಲರಿಗಿಂತ ಮೊದಲು ಎದ್ದೆ. ಹೊಸ ಸೊಸೆ, ಸೈ ಅನ್ನಿಸಿಕೊಳ್ಳಬೇಕು ಅನ್ನುವ ಹುಮ್ಮಸ್ಸು. ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡೇ ಬೀದಿ ಕೊನೆಯ ಬೇವಿನ ಮರದ ಹತ್ತಿರ ಹೋಗಿ, ಹೂ ಬಿಟ್ಟಿದ್ದ ಎರಡು ರೆಂಬೆ ಮುರಿದುಕೊಂಡು ಬಂದೆ. ಹೊಸ್ತಿಲು ದಾಟುವ ಮೊದಲೇ ಅತ್ತೆ ಅಡ್ಡ ನಿಂತರು. ಬೈಯಲಿಲ್ಲ, ಗದರಲಿಲ್ಲ. "ಅದನ್ನ ಆಚೆ ಬಿಸಾಕಿ ಕೈ ತೊಳ್ಕೊಂಡು ಬಾ. ನಮ್ಮನೇಲಿ ಯುಗಾದಿ ಇಲ್ಲ" ಅಂದರು, ಇವತ್ತು ಹಾಲು ಬಂದಿಲ್ಲ ಅಂದಷ್ಟೇ ಸಲೀಸಾಗಿ.

ಒಳಗೆ ನಡುಮನೆಯಲ್ಲಿ ದೊಡ್ಡತ್ತೆ ಕೂತಿದ್ದರು. ಅವರು ನನ್ನ ಮಾವನ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು, ಅಲ್ಲಿಂದ ಈಚೆಗೆ ಈ ಮನೆಯ ಮಗ್ಗಗಳಿಗೆ ಕಂಡಿಕೆ ಸುತ್ತುವುದು ಅವರ ಕೆಲಸ. ಲಾಳಿಯೊಳಗೆ ಕೂರುವ ಆ ಪುಟ್ಟ ನೂಲಿನ ಉರುಳೆಗಳನ್ನು ದಿನಕ್ಕೆ ಎಷ್ಟು ಸುತ್ತುತ್ತಿದ್ದರೋ ಏನೋ. ನನ್ನ ಕೈಯಲ್ಲಿದ್ದ ರೆಂಬೆಯನ್ನು ಒಂದು ಸಲ ನೋಡಿದರು, ಎದ್ದು ಹಿಂದಕ್ಕೆ ಹೊರಟುಹೋದರು. ಅದನ್ನು ನಾನು ಸಿಟ್ಟು ಅಂದುಕೊಂಡೆ.

ದೊಡ್ಡಬಳ್ಳಾಪುರದ ನೇಯ್ಗೆಯವರ ಬೀದಿ ನಮ್ಮದು. ಮುಂದೆ ಮನೆ, ಹಿಂದೆ ಶೀಟು ಹಾಕಿದ ಶೆಡ್ಡಿನಲ್ಲಿ ಆರು ಪವರ್‌ಲೂಮ್. ಅವತ್ತು ಬೀದಿಯ ಮಗ್ಗಗಳೆಲ್ಲ ನಿಂತಿದ್ದವು, ಬಾಗಿಲು ಬಾಗಿಲಿಗೂ ಮಾವಿನ ತೋರಣ, ಬೇಳೆ ಬೆಂದು ಬೆಲ್ಲ ಬಿದ್ದ ಘಮ. ನಮ್ಮ ಆರು ಮಗ್ಗ ಮಾತ್ರ ಯಾರ ಮೇಲೋ ಹಟ ಸಾಧಿಸುವವರ ಹಾಗೆ ಬಡಿದುಕೊಳ್ಳುತ್ತಿದ್ದವು. ಮಧ್ಯಾಹ್ನ ಅನ್ನ, ಸೊಪ್ಪಿನ ಸಾರು. ಎದುರು ಮನೆಯವರು ತಟ್ಟೆಯಲ್ಲಿ ಆರು ಒಬ್ಬಟ್ಟು ಇಟ್ಟು ಮೇಲೆ ಎಲೆ ಮುಚ್ಚಿ ಕಳಿಸಿದರು. ಹಬ್ಬ ಇಲ್ಲದ ಮನೆಗೆ ಅಕ್ಕಪಕ್ಕದವರು ಹಾಗೆ ಕಳಿಸುವುದು ವಾಡಿಕೆ. ನನ್ನ ಪಾಲಿನದನ್ನು ನಾನು ಎಲೆಯ ಕೆಳಗೇ ಬಿಟ್ಟೆ. ಮರುಕದ ಒಬ್ಬಟ್ಟು ಯಾರಿಗೆ ಬೇಕು?

ಗಂಡನನ್ನು ತರಾಟೆಗೆ ತಗೊಂಡೆ. ಮದುವೆಗೆ ಮುಂಚೆ ಇದನ್ನೆಲ್ಲ ಹೇಳಬಾರದಿತ್ತಾ ಅಂದರೆ, ಹೇಳುವಂಥದ್ದು ಏನಿದೆ ಅಂದ. ಯಾವುದೋ ಕಾಲದಲ್ಲಿ ಈ ಮನೆಯಲ್ಲಿ ಯುಗಾದಿಯ ದಿನ ಒಂದು ಸಾವಾಗಿತ್ತಂತೆ. ಹಬ್ಬದ ದಿನ ಸಾವಾದರೆ ಆ ಮನೆಗೆ ಆ ಹಬ್ಬ ನಿಂತುಹೋಗುತ್ತದೆ. ಮತ್ತೆ ಅದೇ ಹಬ್ಬದ ದಿನ ಮನೆಯಲ್ಲೊಂದು ಮಗು ಹುಟ್ಟಬೇಕು, ಇಲ್ಲವೇ ಕೊಟ್ಟಿಗೆಯಲ್ಲೊಂದು ಕರು ಹುಟ್ಟಬೇಕು, ಆಗಲೇ ಹಬ್ಬ ವಾಪಸು ಬರುವುದು. ಇದು ನನಗೂ ಗೊತ್ತಿದ್ದ ಪದ್ಧತಿಯೇ. ನಮ್ಮೂರಲ್ಲೂ ಗೌರಿ ಇಲ್ಲದ ಮನೆ, ದೀಪಾವಳಿ ಇಲ್ಲದ ಮನೆ ಇದ್ದವು. ಆದರೆ ಇಲ್ಲಿ ಸತ್ತವರು ಯಾರು ಅಂತ ಕೇಳಿದರೆ ಗಂಡನಿಗೆ ಗೊತ್ತಿಲ್ಲ. ಮಾವನಿಗೂ ಗೊತ್ತಿಲ್ಲ, ಅವರು ಹುಟ್ಟುವ ಮೊದಲಿನ ಮಾತು. ಅವರಮ್ಮ ಸಾಯುವ ತನಕ ಹೇಳಿದ್ದು ಇಷ್ಟೇ: ಸಾವಾಗಿದೆ, ಮಾಡೋ ಹಾಗಿಲ್ಲ.

ನನ್ನದು ಕೆದಕುವ ಬುದ್ಧಿ. ಕೂತಲ್ಲಿ ಕಾಲು ಅಲ್ಲಾಡಿಸುತ್ತಲೇ ಇರುತ್ತೇನೆ, ಒಂದು ವಿಷಯ ತಲೆಗೆ ಹೊಕ್ಕರೆ ಅದರ ಬುಡ ಕಾಣುವವರೆಗೆ ಅನ್ನ ರುಚಿಸುವುದಿಲ್ಲ. ಯಾರು ಸತ್ತರು ಅನ್ನುವುದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಬೇವು. ಹಬ್ಬ ನಿಂತ ಮನೆಗಳಲ್ಲಿ ಹಬ್ಬ ಮಾತ್ರ ನಿಂತಿರುತ್ತದೆ. ನಮ್ಮ ಮನೆಯಲ್ಲಿ ಬೇವೇ ನಿಂತಿತ್ತು, ಅದೂ ವರ್ಷ ಪೂರ್ತಿ. ಅಕ್ಕಿ ಡಬ್ಬಕ್ಕೆ ಹುಳು ಬೀಳದಿರಲಿ ಅಂತ ಊರೆಲ್ಲ ಬೇವಿನ ಎಲೆ ಹಾಕಿದರೆ ನಮ್ಮಲ್ಲಿ ಒಣಮೆಣಸಿನಕಾಯಿ. ಗಂಡನಿಗೆ ಚಿಕ್ಕಂದಿನಲ್ಲಿ ಅಮ್ಮ, ಅಂದರೆ ಸೀತಾಳೆ ಸಿಡುಬು, ಎದ್ದು ಮೈತುಂಬ ಗುಳ್ಳೆಯಾದಾಗಲೂ ಬಾಗಿಲಿಗೆ ಬೇವು ಸಿಕ್ಕಿಸಿರಲಿಲ್ಲವಂತೆ. ಇದಕ್ಕೆ ಕಾರಣ ಕೇಳಿದರೆ ಅತ್ತೆಯದೂ ಒಂದೇ ಉತ್ತರ: "ನಮ್ಗೆ ಆಗ್ಬರಲ್ಲ."

ನಾನು ಬಂದದ್ದು ದೇವನಹಳ್ಳಿ ತಾಲ್ಲೂಕಿನಿಂದ, ನಲ್ಲೂರಿನ ಹುಣಸೆ ತೋಪಿಗೆ ಎರಡು ಮೈಲಿ ಆಚೆ ನಮ್ಮ ಊರು. ಅಮ್ಮ ನಾನು ಏಳನೇ ಕ್ಲಾಸಿನಲ್ಲಿದ್ದಾಗ ಹೋದಳು. ಆಮೇಲೆ ಯುಗಾದಿಯ ಅಡುಗೆ ಅಪ್ಪನದೇ. ನಮ್ಮ ಕಡೆ ಮಾತಿನಲ್ಲಿ ಅರ್ಧ ತೆಲುಗು ಇದ್ದ ಹಾಗೆ ಬೇವು ಬೆಲ್ಲದಲ್ಲೂ ತೆಲುಗು ಇತ್ತು. ಹೊಸ ಹುಣಸೆಹಣ್ಣಿನ ನೀರಿಗೆ ಬೆಲ್ಲ, ಮಾವಿನಕಾಯಿ ಚೂರು, ಚಿಟಿಕೆ ಉಪ್ಪು ಖಾರ, ಮೇಲೆ ಬೇವಿನ ಹೂ. ಅಪ್ಪ ಅದನ್ನು ಅಂಗೈಗೆ ಹಾಕಿ, ನಾನು ಮುಖ ಹಿಂಡಿದರೆ ನಗುತ್ತಿದ್ದ. ಬೇವು ಯಾಕೆ ಅಂದರೆ, ಬೇಸಿಗೆ ಶುರುವಾಗೋ ಹೊತ್ತು, ಮೈಮೇಲೆ ಗುಳ್ಳೆ ಏಳೋ ಕಾಲ, ಬೇವು ಒಳಗೆ ಹೋದರೆ ಮೈ ತಂಪಾಗಿರುತ್ತೆ ಅನ್ನುತ್ತಿದ್ದ. ಆ ಒಂದು ಗುಟುಕಿಗಾಗಿ ನಾನು ಇವತ್ತಿಗೂ ಹಂಬಲಿಸುತ್ತೇನೆ.

ತಮಾಷೆ ಅಂದರೆ ನನ್ನ ಕೆಲಸದ ಜಾಗದಲ್ಲಿ ಯುಗಾದಿ ಜೋರು. ವಿಮಾನ ನಿಲ್ದಾಣದ ಹತ್ತಿರದ ಒಂದು ಹೋಟೆಲಿನ ಸ್ವಾಗತ ಕೌಂಟರಿನಲ್ಲಿ ನಾನು ಆಗ ಕೂರುತ್ತಿದ್ದೆ. ಹಬ್ಬದ ದಿನ ಬಂದವರಿಗೆಲ್ಲ ಬೆರಳುದ್ದದ ಪ್ಲಾಸ್ಟಿಕ್ ಕಪ್ಪಿನಲ್ಲಿ ಬೇವು ಬೆಲ್ಲ ಕೊಡುತ್ತಿದ್ದೆವು. ಹೊರದೇಶದವರು ಇದೇನು, ಯಾಕೆ ಅಂತ ಕೇಳುತ್ತಾರೆ, ನೀನೇ ಒಂದು ಚೀಟಿ ಬರೆದುಕೊಡು ಅಂದ ಮ್ಯಾನೇಜರ್. ಯುಗಾದಿ ಇಲ್ಲದ ಮನೆಯ ಸೊಸೆಗೆ ಯುಗಾದಿಯ ಮೂಲ ಬರೆಯುವ ಕೆಲಸ. ನಾನು ಸಿಕ್ಕವರನ್ನೆಲ್ಲ ಕೇಳಿದೆ. ಆಂಧ್ರದಿಂದ ಬಂದ ಅಡುಗೆಯವನು ಆರು ರುಚಿಯ ಲೆಕ್ಕ ಹೇಳಿದ. ಪೂಜೆಗೆ ಬಂದ ಪುರೋಹಿತರು ಸುಖದುಃಖ ಸಮನಾಗಿ ತಗೋಬೇಕು ಅನ್ನುವ ಮಾತು ಹೇಳಿದರು. ಗೇಟಿನಲ್ಲಿ ನಿಲ್ಲುವ ಸೆಕ್ಯುರಿಟಿಯವರು, ಹೊಸಕೋಟೆ ಕಡೆಯವರು, ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿ, ಆ ಹೊತ್ತಿಗೆ ಹೂ ಬಿಟ್ಟಿರೋದು ಬೇವು, ಚಿಗುರಿರೋದು ಮಾವು, ಇನ್ನೇನು ಕಟ್ತಾರಮ್ಮ ಬಾಗಿಲಿಗೆ ಅಂದರು. ನನಗೆ ಒಪ್ಪಿಗೆಯಾದದ್ದು ಅವರದೇ ಮಾತು. ಚೀಟಿಯಲ್ಲಿ ಬರೆದದ್ದು ಮಾತ್ರ ಸುಖದುಃಖ. ಅದೇ ಎಲ್ಲರಿಗೂ ಇಷ್ಟವಾಯಿತು, ನನಗೆ ಶಹಭಾಸ್‌ಗಿರಿಯೂ ಸಿಕ್ಕಿತು.

ಮನೆಗೆ ಬಂದರೆ ಮತ್ತೆ ಅದೇ ಚಡಪಡಿಕೆ. ಊರಿಗೆಲ್ಲ ಕಾರಣ ಹಂಚುವವಳಿಗೆ ತನ್ನ ಮನೆಯ ಕಾರಣ ಗೊತ್ತಿಲ್ಲ. ಗೊತ್ತಿದ್ದರೆ ದೊಡ್ಡತ್ತೆಗೆ ಗೊತ್ತಿರಬೇಕು, ಅವರೇ ಹಿರಿಯರು. ಕಂಡಿಕೆ ಸುತ್ತುವಾಗ ಪಕ್ಕದಲ್ಲಿ ಕೂತು ಕೇಳಿದೆ. ರಜೆಯ ದಿನ ತಲೆಗೆ ಎಣ್ಣೆ ಹಚ್ಚುತ್ತ ಕೇಳಿದೆ. ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಆಟೋದಲ್ಲೂ ಕೇಳಿದೆ. "ನಂಗೇನ್ ಗೊತ್ತಮ್ಮ, ನಾನು ಚಿಕ್ಕವಳು" ಅನ್ನುತ್ತಿದ್ದರು, ಪ್ರತಿಸಲವೂ ಅದೇ ಮಾತು, ಅದೇ ದನಿ. ನಾನು ಬಿಡುತ್ತಿರಲಿಲ್ಲ. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ನನ್ನದು ಬರೀ ಕುತೂಹಲ. ಅತ್ತೆಯದು ಅದಲ್ಲ. ಅವರ ತವರು ಇದೇ ಊರಿನಲ್ಲಿ, ಮೂರು ಬೀದಿ ಆಚೆ. ಅಲ್ಲಿ ಯುಗಾದಿ ಅಂದರೆ ಹದಿನೈದು ದಿನ ಮೊದಲೇ ಸುಣ್ಣ ಬಳಿಯುವ ಮನೆ. ಇಪ್ಪತ್ತೈದಕ್ಕೆ ಮದುವೆಯಾಗಿ ಇಲ್ಲಿಗೆ ಬಂದವರು ಆಮೇಲೆ ಒಮ್ಮೆಯೂ ಹಬ್ಬ ಮಾಡಿಲ್ಲ. ತವರಿಗೆ ಹೋಗಿಯೂ ಹಬ್ಬಕ್ಕೆ ಕೂರುವ ಹಾಗಿಲ್ಲ, ಕೊಟ್ಟ ಹೆಣ್ಣಿಗೆ ಗಂಡನ ಮನೆಯ ಕಟ್ಟೇ ಕಟ್ಟು. ಯುಗಾದಿಯ ದಿನ ಅಣ್ಣನ ಮನೆಯ ಮಕ್ಕಳು ಹೊಸ ಬಟ್ಟೆ ತೋರಿಸಲು ಓಡಿ ಬಂದರೆ, ಬಾಗಿಲಲ್ಲೇ ಮಾತಾಡಿಸಿ ಕಳಿಸುತ್ತಿದ್ದರು. ಆಮೇಲೆ ಶೆಡ್ಡಿಗೆ ಹೋಗಿ ಮಗ್ಗದ ಮುಂದೆ ನಿಲ್ಲುತ್ತಿದ್ದರು. ಆ ಸದ್ದಿನಲ್ಲಿ ಅತ್ತರೂ ಯಾರಿಗೂ ಕೇಳುವುದಿಲ್ಲ. ತಾನು ಕಣ್ಣು ಮುಚ್ಚುವುದರೊಳಗೆ ಒಂದೇ ಒಂದು ಸಲ ಈ ಬಾಗಿಲಿಗೆ ತೋರಣ ಕಟ್ಟಬೇಕು ಅನ್ನುವುದು ಅವರ ಆಸೆ. ಅದನ್ನು ಅವರು ನನಗೆ ಹೇಳಿದ್ದು ಒಂದೇ ಸಲ, ಹೇಳಿ ನಾಚಿಕೊಂಡರು.

ಆಸೆಗೆ ಅವರು ಸುಮ್ಮನೆ ಕೂತವರೂ ಅಲ್ಲ. ನಾನು ಬಂದ ಎರಡನೇ ವರ್ಷ ಒಂದು ಗಬ್ಬದ ಹಸು ಹೊಡೆದುಕೊಂಡು ಬಂದರು. ಗಬ್ಬ ನಿಂತ ದಿನ, ತಿಂಗಳು ಎಲ್ಲ ವಿಚಾರಿಸಿ, ಯುಗಾದಿಗೆ ಸರಿಯಾಗಿ ಈಯುತ್ತದೆ ಅಂತ ಲೆಕ್ಕ ಹಾಕಿ ತಂದ ಹಸು. ನೇಯುವವರ ಮನೆಯಲ್ಲಿ ಹಸು ಕಟ್ಟುವುದೆಲ್ಲಿ? ಶೆಡ್ಡಿನ ಪಕ್ಕದ ಓಣಿಯಲ್ಲಿ ಕಟ್ಟಿದರು. ಮಗ್ಗದ ಸದ್ದಿಗೆ ಬೆಚ್ಚಿ ಬೆಚ್ಚಿ ಅದು ಮೇವು ಬಿಟ್ಟಿತು. ನಾವೆಲ್ಲ ಸರದಿಯ ಮೇಲೆ ಅದರ ಹಿಂಬದಿ ನೋಡುತ್ತ ಕೂತೆವು. ಕೊನೆಗೆ ಹಬ್ಬಕ್ಕೆ ಇನ್ನೂ ನಾಲ್ಕು ದಿನ ಇರುವಾಗಲೇ ಈಯಿತು. ಬಿಳಿ ಹಣೆಯ ಹೆಣ್ಣು ಕರು, ಮುದ್ದಾಗಿತ್ತು. ಅತ್ತೆ ಆ ಕರುವನ್ನು ಮಾತಿಗೆ ತಪ್ಪಿದವರನ್ನು ನೋಡುವ ಹಾಗೆ ನೋಡಿದರು. ಗಿಣ್ಣು ಮಾಡಿ ಬೀದಿಗೆಲ್ಲ ಹಂಚಿ, ತಿಂಗಳೊಳಗೆ ಹಸುವನ್ನೂ ಕರುವನ್ನೂ ಅಣ್ಣನ ಮನೆಗೆ ಸಾಗಿಸಿದರು.

ಅದಾದ ಮೂರನೇ ವರ್ಷ ನಾನು ಬಸುರಿಯಾದೆ. ಡಾಕ್ಟರು ಕೊಟ್ಟ ದಿನ ಯುಗಾದಿ ಕಳೆದು ಐದು ದಿನಕ್ಕೆ. ನನಗೆ ಅಮ್ಮ ಇರಲಿಲ್ಲವಾಗಿ ಹೆರಿಗೆ ಇಲ್ಲೇ ಅಂತಾಯಿತು. ಅತ್ತೆ ಬಾಯಿ ಬಿಟ್ಟು ಏನೂ ಕೇಳಲಿಲ್ಲ. ಆದರೆ ಅಡುಗೆಮನೆಯ ಕ್ಯಾಲೆಂಡರಿನ ಮುಂದೆ ನಿಲ್ಲುವುದು ಜಾಸ್ತಿಯಾಯಿತು. ಒಮ್ಮೆ ತಪಾಸಣೆಗೆ ನನ್ನ ಜೊತೆ ಬಂದವರು, ಐದು ದಿನ ಮೊದಲು ಮಾಡಿಸಿದರೆ ಏನಾದರೂ ತೊಂದರೆಯಾ ಅಂತ ಡಾಕ್ಟರನ್ನು ಕೇಳಿಯೇ ಬಿಟ್ಟರು. ಮಗು ಬರೋ ಹೊತ್ತಿಗೆ ಬರುತ್ತೆ, ಅದಕ್ಕೆ ಪಂಚಾಂಗ ಓದೋಕೆ ಬರಲ್ಲ ಅಂದರು ಡಾಕ್ಟರು. ಅತ್ತೆ ತಲೆ ತಗ್ಗಿಸಿದರು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ನಾಚಿಕೆಯ ಮಾತು, ಆದರೂ ಹೇಳುತ್ತೇನೆ: ಅಷ್ಟು ಹೊತ್ತಿಗೆ ನನಗೂ ಆಸೆ ಹತ್ತಿತ್ತು. ಎಲ್ಲಿಯದೋ ಸೊಸೆ ಈ ಮನೆಗೆ ಯುಗಾದಿ ತಂದಳು ಅನ್ನಿಸಿಕೊಳ್ಳುವ ಆಸೆ.

ಯುಗಾದಿಯ ಹಿಂದಿನ ದಿನ, ಅಮಾವಾಸ್ಯೆಯ ಮಧ್ಯಾಹ್ನ ಊಟ ಮಾಡಿ ಏಳುವಾಗ ಸೊಂಟದಲ್ಲಿ ನೋವು ಹಿಡಿಯಿತು. ಸ್ವಲ್ಪ ಹೊತ್ತಿಗೆ ಸೀರೆ ಒದ್ದೆಯಾಯಿತು. ಏನಾಗುತ್ತಿದೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಸೀರೆ ಬದಲಿಸಿ ಸುಮ್ಮನಾದೆ. ಈಗಲೇ ಹೋದರೆ ಇವತ್ತೇ ಹೆರಿಗೆ, ಅಮಾವಾಸ್ಯೆಗೆ ಹುಟ್ಟಿದ ಮಗು, ಬಂದದ್ದು ಕೈತಪ್ಪುತ್ತದೆ. ಇನ್ನೊಂದು ಗಂಟೆ, ಇನ್ನೊಂದು ಗಂಟೆ ಅಂತ ನಡುಮನೆಯಿಂದ ಹಿತ್ತಿಲಿಗೆ, ಹಿತ್ತಿಲಿಂದ ನಡುಮನೆಗೆ ತಿರುಗಿದೆ. ಕೂರಲಾಗದು, ನಿಲ್ಲಲಾಗದು. ಗಡಿಯಾರದ ಮುಳ್ಳು ಮೊಳೆ ಹೊಡೆದ ಹಾಗೆ ನಿಂತಿತ್ತು. ಅತ್ತೆ ಸಂಕಟವೇ ಅಂದಾಗ ಎದೆಯುರಿ ಅಂದೆ.

ದೀಪ ಹಚ್ಚುವ ಹೊತ್ತಿಗೆ ದೊಡ್ಡತ್ತೆಯ ಪಕ್ಕದ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಅವರು ನನ್ನ ಮುಖ ನೋಡಲಿಲ್ಲ, ಚೌಕಟ್ಟು ಹಿಡಿದ ಬೆರಳು ನೋಡಿದರು. ಎಷ್ಟು ಹೊತ್ತಿಂದ ಅಂತ ಕೇಳಿದರು. ನಾನು ತೊದಲಿದೆ. ಆ ಮುದುಕಿ ಎದ್ದು ನಿಂತು, ನಾನು ಅದುವರೆಗೆ ಕೇಳಿಯೇ ಇರದ ಗಂಟಲಲ್ಲಿ ನನ್ನ ಗಂಡನನ್ನು ಕೂಗಿದರು. ಮಗ್ಗಗಳ ಸದ್ದನ್ನು ದಾಟಿ ಅದು ಶೆಡ್ಡಿನ ಒಳಗೆ ಕೇಳಿಸಿತು. ಅತ್ತೆ ಓಡಿ ಬಂದು, ಬೆಳಗಾಗುವವರೆಗೂ ತಡೆಯಬಹುದೇನೋ ಅನ್ನಲು ಬಾಯಿ ತೆರೆದರು. ದೊಡ್ಡತ್ತೆ ಅವರ ಕಡೆ ತಿರುಗಿ, "ಹಬ್ಬ ಮಣ್ಣಾಗ್ಲಿ. ಮಗೀನ ಉಳ್ಸ್ಕೊಳ್ರೇ" ಅಂದರು.

ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನು ಬೈದ ಬೈಗುಳ ಇಲ್ಲಿ ಬರೆಯುವುದಿಲ್ಲ, ಒಂದೊಂದೂ ನ್ಯಾಯವಾದದ್ದೇ. ನೀರು ಹೋಗಿ ಬಹಳ ಹೊತ್ತಾಗಿತ್ತು. ನೋವು ಬಂದೂ ಬಂದೂ ಹೆರಿಗೆ ಆಗದೆ, ಮಗುವಿನ ಎದೆಬಡಿತ ಇಳಿಯುತ್ತ ಬಂದು, ಕೊನೆಗೆ ಬೆಳಗಿನ ಜಾವ ಐದೂ ನಲವತ್ತಕ್ಕೆ ಆಪರೇಷನ್ ಮಾಡಿ ತೆಗೆದರು. ಹೆಣ್ಣು. ಹೊಲಸು ನೀರು ಕುಡಿದಿತ್ತು, ಅಳಲಿಲ್ಲ. ಎರಡು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಆ ಎರಡು ದಿನ ನಾನು ದೇವರಿಗೆ ಹೇಳಿಕೊಂಡದ್ದು ಒಂದೇ ಮಾತು: ನನ್ನ ಚಪಲಕ್ಕೆ ಅವಳನ್ನು ಬಲಿ ತಗೋಬೇಡ. ಮೂರನೇ ದಿನ ಅವಳನ್ನು ತಂದು ಎದೆಯ ಮೇಲೆ ಮಲಗಿಸಿದಾಗ, ಹಾಲು ಕುಡಿಸುವುದಕ್ಕೂ ಮೊದಲು ಅವಳ ಕಾಲು ಹಿಡಿದು ತಪ್ಪಾಯಿತು ಅಂದೆ.

ಅತ್ತೆಗೆ ಮೊದಲ ದಿನ ನೆಲದ ಮೇಲೆ ಕಾಲಿರಲಿಲ್ಲ. ಯುಗಾದಿಗೆ ಹುಟ್ಟಿದ ಮೊಮ್ಮಗಳು. ಪುರುಡು ಇದ್ದದ್ದರಿಂದ ಆ ವರ್ಷ ಹೇಗೂ ಹಬ್ಬವಿಲ್ಲ, ಮುಂದಿನ ವರ್ಷ ನೋಡಿ ಅಂತ ಬೀದಿಗೆಲ್ಲ ಹೇಳಿಬಿಟ್ಟರು. ಹನ್ನೊಂದನೇ ದಿನ ಮನೆ ಶುದ್ಧ ಮಾಡಲು ಬಂದ ಪುರೋಹಿತರು ಹುಟ್ಟಿದ ವೇಳೆ ಕೇಳಿ ತಲೆ ಅಲ್ಲಾಡಿಸಿದರು. ನಮ್ಮ ಲೆಕ್ಕದಲ್ಲಿ ದಿನ ಶುರುವಾಗುವುದು ಸೂರ್ಯ ಹುಟ್ಟಿದ ಮೇಲೆ, ಅವತ್ತು ಸೂರ್ಯ ಹುಟ್ಟಿದ್ದು ಆರೂ ಇಪ್ಪತ್ತಕ್ಕೆ, ಹಾಗಾಗಿ ಮಗು ಅಮಾವಾಸ್ಯೆಯದು, ಯುಗಾದಿಯದಲ್ಲ ಅಂದರು. ನಲವತ್ತು ನಿಮಿಷ. ಅತ್ತೆ ಕೈಯಲ್ಲಿದ್ದ ಎಲೆ ಅಡಿಕೆಯ ತಟ್ಟೆಯನ್ನು ಹಾಗೇ ಕೆಳಗಿಟ್ಟರು.

ಆಮೇಲೆ ಒಂದು ವರ್ಷ ಆ ನಲವತ್ತು ನಿಮಿಷದ ಜಗ್ಗಾಟ ನಡೆಯಿತು. ಅತ್ತೆ ರಾಜಘಟ್ಟದ ಕಡೆಯ ಜೋಯಿಸರೊಬ್ಬರ ಹತ್ತಿರ ಹೋದರು, ಅವರೂ ಆಗದು ಅಂದರು. ನೆಲಮಂಗಲದಲ್ಲಿ ಒಬ್ಬರು ಶಾಂತಿ ಮಾಡಿಸಿದರೆ ನೋಡಬಹುದು ಅಂದರು. ನಾನು ಬೇಡ ಬಿಡಿ ಅತ್ತೆ ಅಂದರೆ ಅವರಿಗೆ ಕೇಳಿಸುತ್ತಿರಲಿಲ್ಲ. ಕೊನೆಗೆ ದೇವನಹಳ್ಳಿ ಕೋಟೆಯ ಒಳಗಿನ ಒಬ್ಬ ವಯಸ್ಸಾದವರು, ಮಗುವಿನ ಬರ್ತ್ ಸರ್ಟಿಫಿಕೇಟಿನಲ್ಲಿ ಯಾವ ತಾರೀಖಿದೆಯಮ್ಮ ಅಂತ ಕೇಳಿದರಂತೆ. ಯುಗಾದಿಯ ತಾರೀಖೇ ಅಂದರು ಅತ್ತೆ. ಸರಕಾರವೇ ಒಪ್ಪಿದ ಮೇಲೆ ನಾವು ಯಾರು, ಧೈರ್ಯವಾಗಿ ಮಾಡಿ ಅಂದರಂತೆ. ಅತ್ತೆ ಅಲ್ಲಿಂದ ಬರುವಾಗ ಅರ್ಧ ಕೆಜಿ ಸಕ್ಕರೆ ತಂದು, ಸಿಕ್ಕವರ ಬಾಯಿಗೆಲ್ಲ ಚಿಟಿಕೆ ಹಾಕಿದರು. ದೊಡ್ಡತ್ತೆಯ ಬಾಯಿಗೂ ಹಾಕಿದರು. ಅವರು ನುಂಗಿ, ಕಂಡಿಕೆ ಸುತ್ತಲು ತಿರುಗಿದರು.

ಯುಗಾದಿಯ ಹಿಂದಿನ ದಿನ ಬಂತು. ಮನೆಗೆ ಬಣ್ಣ ಬಳಿದಿತ್ತು. ಮಾವ ತಾವಾಗಿಯೇ ಬೆಳಿಗ್ಗೆ ಹತ್ತಕ್ಕೆ ಮಗ್ಗಗಳ ಸ್ವಿಚ್ ಆರಿಸಿದರು. ಎಷ್ಟೋ ವರ್ಷಗಳ ಸದ್ದು ನಿಂತು ಕಿವಿ ಗುಯ್ ಅನ್ನುತ್ತಿತ್ತು. ಅತ್ತೆ ಮಾರುಕಟ್ಟೆಯಿಂದ ಮಾವಿನ ಎಲೆ ತಂದರು, ಬರುವ ದಾರಿಯಲ್ಲಿ ತಾವೇ ಕಿತ್ತುಕೊಂಡ ಬೇವಿನ ರೆಂಬೆ ತಂದರು. ನಡುಮನೆಗೆ ಬಂದು, ಅಕ್ಕ ನೋಡಿ, ಹೂ ಎಷ್ಟು ಚೆನ್ನಾಗಿ ಬಿಟ್ಟಿದೆ ಅಂತ ದೊಡ್ಡತ್ತೆಯ ಮುಂದೆ ಹಿಡಿದರು. ಅಡುಗೆಮನೆಯಲ್ಲಿ ಬೇಳೆ ಆರಿಸುತ್ತಿದ್ದ ನನಗೆ ಅದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಅತ್ತೆ ಬಂದು, ದೊಡ್ಡತ್ತೆ ಎಲ್ಲೂ ಕಾಣುತ್ತಿಲ್ಲ, ಬಚ್ಚಲಲ್ಲೂ ಇಲ್ಲ ಅಂದರು.

ನಾನು ಬೀದಿ ನೋಡಿ ಬಂದೆ. ಮಾಳಿಗೆ ಹತ್ತಿ ನೋಡಿದೆ. ಕೊನೆಗೆ ಶೆಡ್ಡಿಗೆ ಹೋದರೆ, ಎರಡು ಮಗ್ಗಗಳ ನಡುವೆ, ಬರಿ ನೆಲದ ಮೇಲೆ, ಮೊಣಕಾಲು ಎದೆಗೆ ಒತ್ತಿಕೊಂಡು ಕೂತಿದ್ದಾರೆ. ಮಂಡಿ ನೋವಿಗೆ ಕುರ್ಚಿ ಬಿಟ್ಟು ಕೂರದವರು ಅಲ್ಲಿ ಹೇಗೆ ಇಳಿದರೋ. ಏಳಿ ಅಂತ ಕೈ ಹಿಡಿದೆ. ಅವರು ಕೈ ಬಿಡಿಸಿಕೊಂಡು ಮಗ್ಗದ ಕಾಲಿನ ಹಿಂದಕ್ಕೆ ಇನ್ನಷ್ಟು ಸರಿದರು. ಅದು ಸಿಟ್ಟಲ್ಲ, ಹೆದರಿಕೆ ಅಂತ ಆಗ ನನಗೆ ಹೊಳೆಯಿತು. ಇಷ್ಟು ವರ್ಷ ಯುಗಾದಿ ಬಂದಾಗಲೆಲ್ಲ ಅವರು ಹೆದರುತ್ತಲೇ ಇದ್ದರು. ಪಕ್ಕದಲ್ಲಿ ಕೂತೆ. ಆ ದಿನ ನಾನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅವರೇ ಹೇಳಿದರು.

ಅವರಿಗೊಬ್ಬಳು ಅಕ್ಕ ಇದ್ದಳು. ಅಕ್ಕನಿಗೆ ಹತ್ತು, ಇವರಿಗೆ ಆರು. ಶೆಡ್ಡು ಇರುವ ಜಾಗದಲ್ಲಿ ಆಗ ಹಿತ್ತಿಲು, ಹಿತ್ತಿಲಲ್ಲಿ ಬೇವಿನ ಮರ. ಯುಗಾದಿಯ ಬೆಳಿಗ್ಗೆ ಬೇವು ತರಲು ಇಬ್ಬರನ್ನೂ ಅಮ್ಮ ಕಳಿಸಿದ್ದಳು. ಅಕ್ಕ ಕೆಳಗಿನ ಕೊಂಬೆಯಲ್ಲಿ ಬೇಕಾದಷ್ಟು ಕಿತ್ತಿದ್ದಳು, ಇಳಿಯುವುದರಲ್ಲಿದ್ದಳು.

"ಮೇಲಿನ ಕೊಂಬೇಲಿ ಹೂ ಜಾಸ್ತಿ ಐತೆ, ಅದ್ನ ಕೀಳು ಅಂತ ನಾನೇ ತೋರ್ಸಿದ್ದು ಕಣಮ್ಮ. ಬ್ಯಾಡ ಅಂದ್ಲು. ನಾನು ಹಟ ಮಾಡ್ದೆ."

ಬಿದ್ದವಳು ಅವತ್ತು ಸಾಯಲಿಲ್ಲ. ಎರಡು ದಿನ ಬದುಕಿದ್ದಳು, ವರ್ಷದ ತೊಡಕೂ ಕಳೆದ ಮೇಲೆ ಹೋದಳು. ಯುಗಾದಿಯ ದಿನ ಈ ಮನೆಯಲ್ಲಿ ಯಾವ ಸಾವೂ ಆಗಿಲ್ಲ. ಮರುವರ್ಷ ಎಲ್ಲರ ಹಾಗೆ ಈ ಮನೆಯೂ ಹಬ್ಬಕ್ಕೆ ಸಿದ್ಧವಾಗಿತ್ತು. "ಬೇವು ಒಳಕ್ಕೆ ತಂದ ಕೂಡ್ಲೆ ನಾನು ಓಡ್ಹೋಗಿ ಕೈಮಗ್ಗದ ಗುಂಡಿಯೊಳಗೆ ಇಳ್ದೆ" ಅಂದರು. ನೇಯುವವರು ಕಾಲು ಇಳಿಬಿಟ್ಟು ಕೂರುವ ಗುಂಡಿ ಅದು, ಆಗ ಈ ಬೀದಿಯಲ್ಲಿ ಮನೆಮನೆಗೂ ಇತ್ತು. ಸಂಜೆಯವರೆಗೆ ಯಾರು ಕರೆದರೂ ಮೇಲೆ ಬರಲಿಲ್ಲ, ಉಚ್ಚೆಯೂ ಅಲ್ಲೇ. ಅಮ್ಮ ಮೇಲೆ ಕೂತು ಕರೆದು ಕರೆದು ಸೋತು, ಎದ್ದು ಹೋಗಿ ಬೇವು, ತೋರಣ, ಒಬ್ಬಟ್ಟಿನ ಹೂರಣ ಎಲ್ಲವನ್ನೂ ಗುಡಿಸಿ ಆಚೆ ಹಾಕಿದಳು. ಮರ ಕಡಿಸಿದಳು. ಕೇಳಿದವರಿಗೆ, ಹಬ್ಬದ ದಿನ ಸಾವಾಗಿದೆ, ಮಾಡುವ ಹಾಗಿಲ್ಲ ಅಂದಳು. ಹಾಗಂದರೆ ಯಾರೂ ಮುಂದಕ್ಕೆ ಕೇಳುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು.

"ನನ್ನೊಬ್ಬಳಿಗೋಸ್ಕರ ಸಾಯೋವರ್ಗೂ ಸುಳ್ಳು ಹೇಳ್ಕೊಂಡ್ ಬಂದ್ಲು. ಒಂದಿನಾನೂ ನನ್ನ ಬೈಲಿಲ್ಲ."

ನನಗೆ ಅಳು ತಡೆಯಲಾಗಲಿಲ್ಲ. ಮೊದಲ ವರ್ಷ ನಾನು ರೆಂಬೆ ಹಿಡಿದು ಹೊಸ್ತಿಲಲ್ಲಿ ನಿಂತದ್ದು, ಎಣ್ಣೆ ಹಚ್ಚುತ್ತ ಹಚ್ಚುತ್ತ ಕೆದಕಿದ್ದು ಎಲ್ಲ ಒಟ್ಟಿಗೇ ಬಂದು ಮೇಲೆ ಬಿತ್ತು. ಒಂದು ಹೂವಿಗೆ ಹಟ ಮಾಡಿದ ಆರು ವರ್ಷದ ಹುಡುಗಿ ಅದನ್ನು ಇಡೀ ಜೀವಮಾನ ಹೊತ್ತಳು. ಬುದ್ಧಿ ಬಲಿತ ನಾನು ಅದೇ ಹಬ್ಬಕ್ಕಾಗಿ ನನ್ನ ಮಗುವನ್ನೇ ಪಣಕ್ಕಿಟ್ಟಿದ್ದೆ, ನನ್ನ ಪುಣ್ಯಕ್ಕೆ ಅವಳು ಉಳಿದಳು. ಉಳಿಸಿದವರು ಇಲ್ಲಿ ನೆಲದ ಮೇಲೆ ಮುದುರಿ ಕೂತಿದ್ದರು.

ಹಿಂದೆ ತಿರುಗಿದರೆ ಶೆಡ್ಡಿನ ಬಾಗಿಲಲ್ಲಿ ಅತ್ತೆ. ಯಾವಾಗ ಬಂದರೋ, ಎಲ್ಲ ಕೇಳಿಸಿಕೊಂಡಿದ್ದರು. ಮೂವತ್ತಾರು ವರ್ಷ ಬಾಗಿಲಲ್ಲಿ ನಿಂತು ಬೇರೆಯವರ ಹಬ್ಬ ನೋಡಿದ ಹೆಂಗಸು. ಹಸು ತಂದವರು, ಊರೂರು ಅಲೆದು ಕಂಡವರ ಕಾಲು ಹಿಡಿದವರು. ಅದಷ್ಟೂ ಹಬ್ಬದ ದಿನ ಆಗದೇ ಇದ್ದ ಒಂದು ಸಾವಿಗಾಗಿ. ಇದನ್ನು ಮೊದಲೇ ಹೇಳಿದ್ದರೆ ಅಂತ ಕೂಗಾಡಿದರೂ ಅದು ನ್ಯಾಯವೇ. ಅವರು ಕೂಗಾಡಲಿಲ್ಲ.

ದೊಡ್ಡತ್ತೆ ಅವರನ್ನು ನೋಡಿದರು. ಮುಖ ಒರೆಸಿಕೊಂಡು, ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಹಾಗೆ, "ಇನ್ನೆಷ್ಟ್ ದಿನ ಇರ್ತೀನವ್ವ. ನಾನು ಹೋದ್ಮೇಲೆ ಮಾಡ್ಕೊಳ್ರಿ, ಚೆನ್ನಾಗಿ ಮಾಡ್ಕೊಳ್ರಿ" ಅಂದರು.

ಅತ್ತೆ ಒಳಗೆ ಬಂದರು. ಮಗ್ಗದ ಪಟ್ಟಿ ಹಿಡಿದುಕೊಂಡು ನಿಧಾನಕ್ಕೆ ಬಗ್ಗಿ, ದೊಡ್ಡತ್ತೆಯ ಇನ್ನೊಂದು ಪಕ್ಕ ಕೂತರು. ಅವರ ಸೆರಗಿಗೆ ಅಂಟಿದ್ದ ಒಂದೆರಡು ಬೇವಿನ ಹೂವನ್ನು ನಾನು ಕಂಡೆ, ಅವರೂ ಕಂಡರು, ಕಿತ್ತು ತೆಗೆದು ಮುಷ್ಟಿಯಲ್ಲಿ ಮುಚ್ಚಿಕೊಂಡರು. ಆಮೇಲೆ ಅತ್ತೆ ದೊಡ್ಡತ್ತೆಯ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು.

"ಹಂಗಾದ್ರೆ ಅಕ್ಕ, ಇನ್ನು ಇಪ್ಪತ್ತು ವರ್ಷ ಈ ಮನೆಗೆ ಯುಗಾದಿ ಬರೋದು ಬ್ಯಾಡ" ಅಂದರು.

ದೊಡ್ಡತ್ತೆಗೆ ಆಗ ಎಪ್ಪತ್ತೆಂಟು. ಅತ್ತೆಗೆ ಅರವತ್ತೊಂದು.